ಹಳೇ ಬೊಲೆರೊ ನೆತ್ತಿಯ ಮೇಲೆ ಟೆಂಟು ಕೂರಿಸುವ ಮುನ್ನ

ಪ್ರಶ್ನೆ: ಸರ್, ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಅಪ್ಪನ ಕಾಲದ 2009ರ ಬೊಲೆರೊ ಇದೆ, ಎಂಜಿನ್ ಇನ್ನೂ ಗಟ್ಟಿಯಾಗಿದೆ. ಬೆಂಗಳೂರಿನ ಗೆಳೆಯರೊಬ್ಬರು ಬಳಸಿದ ರೂಫ್‌ಟಾಪ್ ಟೆಂಟ್ ಕೊಟ್ಟಿದ್ದಾರೆ. ಪಕ್ಕಕ್ಕೆ ಬಿಚ್ಚಿಕೊಳ್ಳುವ ಕ್ಯಾನ್ವಾಸಿನದು, 58 ಕೆ.ಜಿ. ಗಾಡಿ ಮೇಲೆ ಲೋಕಲ್‌ನಲ್ಲಿ ಮಾಡಿಸಿದ ಪೈಪಿನ ಕ್ಯಾರಿಯರ್ ಆಗಲೇ ಇದೆ. ನಾನು, ಮನೆಯವರು, 7 ವರ್ಷದ ಮಗಳು, ಮೂವರೂ ಸೇರಿ 150 ಕೆ.ಜಿ. ಆಗಬಹುದು. ಮೂವರೂ ಮೇಲೆ ಮಲಗಿದರೆ ಟಾಪು ಕುಸಿಯುತ್ತಾ? ಇರೋ ಕ್ಯಾರಿಯರ್‌ಗೇ ಟೆಂಟು ಬಿಗಿಸಬಹುದಾ? ನಮ್ಮ ಬಾಮೈದ, ಕ್ಯಾರಿಯರ್ ಯಾಕೆ, ಟಾಪಿಗೇ ತೂತು ಹೊಡೆದು ಬೋಲ್ಟ್ ಹಾಕಿಬಿಡೋಣ ಅಂತಾನೆ. ಮೊದಲು ಮಾರಿಕಣಿವೆ ಅಣೆಕಟ್ಟಿನ ಕಡೆ, ಆಮೇಲೆ ಮಲೆನಾಡಿಗೆ ಹೋಗುವ ಆಸೆ.

ಉತ್ತರ: ಮೇಷ್ಟ್ರೇ, ಬಾಮೈದನ ಸಲಹೆಯಿಂದಲೇ ಶುರು ಮಾಡುತ್ತೇನೆ, ಅದು ಬೇಗ ಮುಗಿಯುತ್ತದೆ. ತೂತು ಹೊಡೆಯಬೇಡಿ. ಟಾಪಿನ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಬಿಸಿಲು ಮಳೆ ತಡೆಯುವುದಷ್ಟೇ ಅದರ ಕೆಲಸ. ನಾಲ್ಕು ಬೋಲ್ಟ್ ಹಾಕಿ ಅದರ ಮೇಲೆ ಭಾರ ಹೇರಿದರೆ ಮೊದಲ ಹಳ್ಳದಲ್ಲೇ ತೂತು ಅಗಲವಾಗುತ್ತದೆ, ಎರಡನೇ ಮಳೆಗೆ ಒಳಗಿನ ಲೈನಿಂಗ್ ನೆನೆಯುತ್ತದೆ, ಮೂರನೇ ವರ್ಷಕ್ಕೆ ಆ ತೂತಿನ ಸುತ್ತ ಕೈಯಲ್ಲಿ ಮುರಿಯುವಷ್ಟು ತುಕ್ಕು. ಅದೂ ಅಲ್ಲದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿ ಇರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಕಂಪನಿಯ ಮೂಲ ರಚನೆ ಮೀರುವ ಬದಲಾವಣೆ ಕೂಡದು ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಟ್ಟು ಬಿಚ್ಚಿ ಕೆಳಗಿಳಿಸಬಹುದಾದ ಸಾಮಾನಿಗೂ ಕೊರೆದು, ಕತ್ತರಿಸಿ, ಬೆಸೆದು ಮಾಡಿದ ಕೆಲಸಕ್ಕೂ ಅಜಗಜಾಂತರ. ನಿಮ್ಮ ಗಾಡಿಗೆ ಹದಿನೈದು ವರ್ಷ ದಾಟಿದೆ, ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಆ ದಿನ ಟೆಂಟನ್ನು ಮನೆಯಲ್ಲಿ ಬಿಟ್ಟು ಹೋಗುವಂತಿರಲಿ. ಇನ್ಶೂರೆನ್ಸ್ ಕಂಪನಿಗೂ ಟೆಂಟಿನ ವಿಷಯ ಒಂದು ಪತ್ರ ಬರೆದು ತಿಳಿಸಿ, ನಕಲು ಇಟ್ಟುಕೊಳ್ಳಿ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ. ಮೂವರು ಮಲಗಿದರೆ ಟಾಪು ಕುಸಿಯುತ್ತಾ?

ಸರಿಯಾಗಿ ಕೂರಿಸಿದರೆ ಇಲ್ಲ. ನಾನು ಮೂವತ್ತು ವರ್ಷ ಫ್ಯಾಬ್ರಿಕೇಶನ್ ಶೆಡ್ ನಡೆಸಿದವನು. ಟೆಂಟು ಹಿಡಿದುಕೊಂಡು ಬಂದವರೆಲ್ಲ ಇದನ್ನೇ ಕೇಳಿದ್ದಾರೆ. ಇಡೀ ರಾತ್ರಿ ಟಾಪಿನ ಮೇಲೆ ಕೂತ ಭಾರದ ಬಗ್ಗೆ ಅವರಿಗೆಲ್ಲ ಹೆದರಿಕೆ. ಗಾಡಿ ಓಡುವಾಗ ಮೇಲಿರುವ ಭಾರದ ಬಗ್ಗೆ ಮಾತ್ರ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರನ್ನು ನೋಡಿದ್ದೀರಲ್ಲ. ಚೀಲ ಬೆನ್ನಿಗೇರಿಸಿಕೊಂಡು ನಿಂತಲ್ಲೇ ನಿಂತು ಬೀಡಿ ಹಚ್ಚುವಷ್ಟು ನಿರಾಳವಾಗಿರುತ್ತಾರೆ. ಅದೇ ಚೀಲ ಹೊತ್ತು ನಡೆಯುವಾಗ ಕಾಲು ಒಂದು ಗೇಣು ಗುಂಡಿಗೆ ಬಿದ್ದರೆ ಸೊಂಟ ಹೋಯಿತು. ಚೀಲದ ತೂಕ ಒಂದೇ, ಬೆನ್ನಿಗೆ ಬಿದ್ದ ಪೆಟ್ಟು ಬೇರೆ.

ಗಾಡಿಯ ಕೈಪಿಡಿಯಲ್ಲಿ ಟಾಪಿನ ಮೇಲೆ ಇಷ್ಟು ಕೆ.ಜಿ. ಎಂದು ಕೊಟ್ಟಿರುವ ಅಂಕಿ ಓಡುವ ಗಾಡಿಯದು. ಸಾಮಾನ್ಯವಾಗಿ ಈ ವರ್ಗದ ಗಾಡಿಗಳಿಗೆ 50ರಿಂದ 100 ಕೆ.ಜಿ. ಒಳಗೆ ಇರುತ್ತದೆ. ಅದರಲ್ಲಿ ಬ್ರೇಕು, ತಿರುವು, ಹಳ್ಳ ಎಲ್ಲದರ ಲೆಕ್ಕವೂ ಸೇರಿದೆ. ನಿಂತ ಗಾಡಿಗೆ ಈ ಯಾವ ಪೆಟ್ಟೂ ಇಲ್ಲದ್ದರಿಂದ ಅದೇ ಟಾಪು, ಅದೇ ಕಂಬಗಳು ಇದರ ಹಲವು ಪಟ್ಟು ಭಾರವನ್ನು ಸುಮ್ಮನೆ ಹೊರುತ್ತವೆ. 58ರ ಟೆಂಟು, 150ರ ನೀವು ಮೂವರು, ಹಾಸಿಗೆ ಹೊದಿಕೆ ಹತ್ತು ಕೆ.ಜಿ., ಟೆಂಟಿನ ಕೆಳಗೆ ಹಾಕುವ ಅಡ್ಡಪಟ್ಟಿಗಳು ಹನ್ನೆರಡು ಕೆ.ಜಿ. ಒಟ್ಟು 230. ಆ ಪಟ್ಟಿಗಳ ನಾಲ್ಕು ಕಾಲುಗಳಿಗೆ ಹಂಚಿದರೆ ಒಂದಕ್ಕೆ ಅರವತ್ತು ಕೆ.ಜಿ. ಹತ್ತಿರ, ಆರು ಕಾಲಾದರೆ ನಲವತ್ತು. ಗಾಡಿಯ ಅಂಚಿನ ಮೇಲೆ ಒಬ್ಬ ಆಳು ನಿಂತಷ್ಟು. ತುಕ್ಕಿಲ್ಲದ ಬೊಲೆರೊಗೆ ಇದು ಲೆಕ್ಕಕ್ಕೇ ಇಲ್ಲ.

ಓಡುವಾಗಿನ ಲೆಕ್ಕ ನೋಡಿ. ಟೆಂಟು, ಅಡ್ಡಪಟ್ಟಿ ಸೇರಿ 70 ಕೆ.ಜಿ. ಅಂತ ಇಟ್ಟುಕೊಳ್ಳಿ. ಎಮ್ಮೆ ಅಡ್ಡ ಬಂದು ನೀವು ಬ್ರೇಕ್ ಒತ್ತಿದರೆ ಅದರಲ್ಲಿ ಐವತ್ತು ಕೆ.ಜಿ.ಯಷ್ಟು ಬಲ ಮುಂದಕ್ಕೆ ನುಗ್ಗುತ್ತದೆ. ಹೆಸರಿಲ್ಲದ, ಬಣ್ಣ ಬಳಿಯದ ಹಂಪು ಹಾರಿದಾಗ ಆ ಎಪ್ಪತ್ತು ಒಂದು ಕ್ಷಣ ನೂರೈವತ್ತು, ಇನ್ನೂರಾಗಿ ಕೆಳಗೆ ಕುಕ್ಕುತ್ತದೆ, ಮರುಕ್ಷಣ ಮೇಲಕ್ಕೆ ಜಗ್ಗುತ್ತದೆ. ಬೋಲ್ಟ್ ಸಡಿಲವಾಗುವುದು ಈ ಮೇಲಕ್ಕೆ ಜಗ್ಗುವ ಕ್ಷಣದಲ್ಲಿ. ಇನ್ನು ಗಾಳಿ. ಮಡಚಿದ ಟೆಂಟಿನ ಮುಖ ನಾಲ್ಕಡಿ ಅಗಲ, ಒಂದಡಿ ಎತ್ತರ. 80 ಕಿ.ಮೀ. ವೇಗದಲ್ಲಿ ಅದಕ್ಕೆ ಬೀಳುವ ಒತ್ತಡ ಹನ್ನೊಂದು ಕೆ.ಜಿ.ಯಷ್ಟು, 100ರಲ್ಲಿ ಹದಿನೇಳು. ವೇಗ ಕಾಲು ಭಾಗ ಹೆಚ್ಚಾದರೆ ಗಾಳಿಯ ಬಲ ಒಂದೂವರೆ ಪಟ್ಟು. ಹೆದ್ದಾರಿ 48ರಲ್ಲಿ ಹಿರಿಯೂರಿಂದ ಚಿತ್ರದುರ್ಗದ ಕಡೆ ಎದುರುಗಾಳಿ ಇದ್ದರೆ ಅದನ್ನೂ ನಿಮ್ಮ ವೇಗಕ್ಕೇ ಕೂಡಿಸಿಕೊಳ್ಳಬೇಕು.

ಇದರ ಜೊತೆಗೆ ಗಾಡಿಯ ಭಾರಕೇಂದ್ರ ಮೇಲೇರುತ್ತದೆ. ನಿಮ್ಮ ಗಾಡಿ ಜನ ಸೇರಿ 1,700 ಕೆ.ಜಿ., ಭಾರಕೇಂದ್ರ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಎರಡು ಮೀಟರ್ ಎತ್ತರದಲ್ಲಿ 70 ಕೆ.ಜಿ. ಕೂರಿಸಿದಾಗ ಅದು ಐದು ಸೆಂಟಿಮೀಟರ್ ಮೇಲೆ ಹೋಗುತ್ತದೆ. ಬರೀ ಐದಾ ಅನ್ನಬೇಡಿ. ಹಿಂದೆ ಪಟ್ಟಾ ಸ್ಪ್ರಿಂಗ್ ಇರುವ, ಮೊದಲೇ ಎತ್ತರದ ಗಾಡಿ. ಘಾಟಿಯಲ್ಲಿ ಎದುರಿನ ಬಸ್ಸಿಗೆ ಹೆದರಿ ಗಕ್ಕನೆ ಸ್ಟೇರಿಂಗ್ ಎಳೆದಾಗ ಆ ಐದು ಸೆಂಟಿಮೀಟರ್ ಏನೆಂದು ಗೊತ್ತಾಗುತ್ತದೆ. ಟೆಂಟು ಮೇಲಿದ್ದಾಗ ನಾನು 80 ದಾಟುವುದಿಲ್ಲ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ನಿಮ್ಮ ಎರಡನೇ ಪ್ರಶ್ನೆ ಕ್ಯಾರಿಯರ್‌ದು. ಅದಕ್ಕೆ ಮೊದಲು ಅದನ್ನು ಬಿಚ್ಚಿ ತೂಗಿ. ಊರಲ್ಲಿ ಅಡಿಕೆ ಚೀಲ ತೂಗುವ ಕಾಟಾ ಯಾರ ಹತ್ತಿರವಾದರೂ ಇರುತ್ತದೆ, ಅದರ ಮೇಲಿಡಿ. ನಮ್ಮ ಕಡೆ ಮಾಡುವ ಕಬ್ಬಿಣದ ಪೈಪಿನ ಕ್ಯಾರಿಯರ್‌ಗಳು ನಾನು ತೂಗಿದಾಗೆಲ್ಲ 25ರಿಂದ 40 ಕೆ.ಜಿ. ಬಂದಿವೆ. ನಿಮ್ಮದು ಮೂವತ್ತು ಅಂದುಕೊಂಡರೆ, ಟೆಂಟು ಸೇರಿ 88. ಕೈಪಿಡಿಯ ಅಂಕಿಯಲ್ಲಿ ಕ್ಯಾರಿಯರ್ ತೂಕವೂ ಸೇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಟೆಂಟು ಹೊರಬೇಕಾದ ಜಾಗದ ಮೂರನೇ ಒಂದು ಪಾಲು ಕ್ಯಾರಿಯರೇ ನುಂಗಿ ಕೂತಿರುತ್ತದೆ.

ತೂಕ ಒಂದೇ ಆಗಿದ್ದರೆ ಏನಾದರೂ ಮಾಡಬಹುದಿತ್ತು. ಈ ಕ್ಯಾರಿಯರ್‌ಗಳು ಬುಟ್ಟಿಯ ಹಾಗಿರುತ್ತವೆ, ಸುತ್ತ ಅಂಚು ಎದ್ದಿರುತ್ತದೆ. ಟೆಂಟಿನ ತಳ ಸಪಾಟು. ಅದು ಬುಟ್ಟಿಯೊಳಗೆ ಕೂರುವುದಿಲ್ಲವೆಂದು ಜನ ಹಲಗೆ ತುಂಡು, ಟಯರ್ ತುಂಡು ಕೊಟ್ಟು ಎತ್ತರಿಸುತ್ತಾರೆ. ಅಲ್ಲಿಗೆ ಟೆಂಟು ಬೋಲ್ಟಿನ ಮೇಲೆ ನಿಂತಿರುವುದಿಲ್ಲ, ಹಲಗೆಯ ಮೇಲೆ ಕೂತಿರುತ್ತದೆ. ಹಲಗೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿದಂತೆ ಬೋಲ್ಟಿನ ಬಿಗಿ ಬಿಡುತ್ತದೆ. ದುಂಡನೆ ಪೈಪಿಗೆ ಚಪ್ಪಟೆ ಕ್ಲಾಂಪು ಹಾಕಿದರೆ ಅದು ತಿರುಗುತ್ತದೆ. ಕಾಲು ಪೈಪಿಗೆ ಸೇರುವಲ್ಲಿ ವೆಲ್ಡಿಂಗು ಬಿರುಕು ಬಿಟ್ಟಿದ್ದರೂ ಮೇಲೆ ಹೊಡೆದ ಕಪ್ಪು ಪೇಂಟು ಮುಚ್ಚಿಟ್ಟಿರುತ್ತದೆ. ಹಗ್ಗ ಹರಿಯುವುದು ಸವೆದ ಕಡೆಗೇ.

ಇದನ್ನು ನಾನು ಕಲಿತದ್ದು ನನ್ನದೇ ಕೈಕೆಲಸದಿಂದ. ನನ್ನ ಹಳೇ ಗಾಡಿಗೆ ನಾನೇ ಪೈಪ್ ಬಗ್ಗಿಸಿ, ನಾನೇ ಬೆಸೆದು ಕ್ಯಾರಿಯರ್ ಮಾಡಿದ್ದೆ. ಶೆಡ್ಡಿನ ಯಜಮಾನ ಅನ್ನುವ ಜಂಬ ಬೇರೆ. ಮೇಲೆ ಟೆಂಟು ಕಟ್ಟಿಕೊಂಡು ಹಿರಿಯೂರು ದಾಟಿ ಬರುವಾಗ ನೆತ್ತಿಯ ಮೇಲೆ ಯಾರೋ ಬೆರಳಲ್ಲಿ ಬಡಿದ ಹಾಗೆ ಟಕ್, ಟಕ್. ಹತ್ತು ನಿಮಿಷ ಕೇಳಿಸಿಕೊಂಡೇ ಬಂದೆ, ನಿಲ್ಲಿಸಲಿಲ್ಲ. ಲಾರಿಯೊಂದು ಪಕ್ಕದಲ್ಲೇ ಹಾದು ಹೋದಾಗ ಗಾಡಿಯೇ ಎಡಕ್ಕೆ ಜಗ್ಗಿದಂತಾಯಿತು. ನಿಲ್ಲಿಸಿ ಬಾಗಿಲ ಮೇಲೆ ಕಾಲಿಟ್ಟು ಹತ್ತಿ ನೋಡಿದರೆ ಕ್ಯಾರಿಯರ್‌ನ ಬಲಗಡೆಯ ಮುಂದಿನ ಕಾಲು ಟಾಪಿನ ಅಂಚಿನ ಗಟರ್‌ನಿಂದ ಮುಕ್ಕಾಲು ಭಾಗ ಕಳಚಿಕೊಂಡಿದೆ. ಗಟರ್‌ನ ಅಂಚು ಬಾಳೆ ಸಿಪ್ಪೆ ಸುಲಿದ ಹಾಗೆ ಹೊರಕ್ಕೆ ಬಗ್ಗಿದೆ. ಇನ್ನೆರಡು ಲಾರಿ ದಾಟಿದ್ದರೆ ಟೆಂಟು ಹಿಂದೆ ಬರುತ್ತಿದ್ದ ಬೈಕಿನವನ ಮೇಲಿರುತ್ತಿತ್ತು. ಅಲ್ಲೇ ಹಗ್ಗ ಸುತ್ತಿ, ಇಪ್ಪತ್ತರ ವೇಗದಲ್ಲಿ ಮನೆ ಸೇರಿದೆ. ಮಾರನೇ ದಿನ ಕ್ಯಾರಿಯರ್ ಗುಜರಿಗೆ ಹೋಯಿತು.

ಹಾಗಾಗಿ ನಿಮ್ಮ ಕ್ಯಾರಿಯರ್ ಬಿಚ್ಚಿ ಬದಿಗಿಡಿ. ಬೊಲೆರೊದ ಟಾಪಿನ ಎರಡೂ ಅಂಚಿಗೆ ಉದ್ದಕ್ಕೂ ಮಳೆನೀರು ಹರಿಯುವ ಗಟರ್ ಇದೆ. ಈಗಿನ ನುಣ್ಣನೆ ಟಾಪಿನ ಹೊಸ ಗಾಡಿಗಳಿಗೆ ಇಲ್ಲದ ಭಾಗ್ಯ ಅದು. ಟಾಪಿನ ತಗಡೂ ಪಕ್ಕದ ತಗಡೂ ಒಂದರ ಮೇಲೊಂದು ಕೂತು ವೆಲ್ಡ್ ಆಗಿರುವುದು ಅಲ್ಲಿಯೇ. ಅದರ ನೇರ ಕೆಳಗೆ ಬಾಗಿಲ ಕಂಬಗಳಿವೆ. ಗಟರ್ ಮೇಲೆ ಕೂತ ಭಾರ ಕಂಬ ಹಿಡಿದು ಕೆಳಗಿಳಿಯುತ್ತದೆ, ನಡುವಿನ ತಗಡಿಗೆ ಸೋಂಕುವುದೇ ಇಲ್ಲ. ಗಟರ್‌ಗೆಂದೇ ಮಾಡಿದ, ತೂಕದ ಮಿತಿ ಬರೆದಿರುವ ಕಾಲುಗಳು ಮತ್ತು ಅಲ್ಯೂಮಿನಿಯಂ ಅಡ್ಡಪಟ್ಟಿಗಳು ಸಿಗುತ್ತವೆ. ಎರಡು ಪಟ್ಟಿ ಸಾಕು ಅನ್ನುವವರಿದ್ದಾರೆ. ಹಳೇ ಗಾಡಿಗೆ ನಾನು ಮೂರು ಪಟ್ಟಿ, ಆರು ಕಾಲು ಎಂದೇ ಹೇಳುವುದು. ಆಗ ಗಟರ್‌ನ ಯಾವ ಒಂದು ಗೇಣಿನ ಮೇಲೂ ಭಾರ ಹೆಚ್ಚಾಗುವುದಿಲ್ಲ. ಪ್ರತಿ ಕಾಲೂ ಆದಷ್ಟು ಒಂದು ಕಂಬದ ನೆತ್ತಿಗೆ ಹತ್ತಿರ ಬರಲಿ.

ಇಷ್ಟೆಲ್ಲ ನಿಂತಿರುವುದು ಗಟರ್ ಮೇಲೆ, ಅದಕ್ಕೇ ಹಣ ಖರ್ಚು ಮಾಡುವ ಮೊದಲು ಅರ್ಧ ದಿನ ಗಟರ್‌ಗೆ ಕೊಡಿ. ಹದಿನೈದು ವರ್ಷದ ಧೂಳು, ಬೇವಿನೆಲೆ, ಹಕ್ಕಿ ಹಿಕ್ಕೆ ಎಲ್ಲ ಅಲ್ಲಿ ಕೂತಿರುತ್ತದೆ. ಹಳೇ ಟೂತ್‌ಬ್ರಷ್ ಹಿಡಿದು ತೊಳೆಯಿರಿ. ಒಣಗಿದ ಮೇಲೆ ಬೆಳಗಿನ ಓರೆ ಬಿಸಿಲಲ್ಲಿ ಅಂಚಿನುದ್ದಕ್ಕೂ ಕಣ್ಣು ಹಾಯಿಸಿ. ಪೇಂಟು ದೋಸೆಯ ಹಾಗೆ ಗುಳ್ಳೆ ಎದ್ದ ಕಡೆ ಒಳಗೆ ತುಕ್ಕು ಇದೆ. ಮುಂದಿನ ಗಾಜಿನ ಎರಡು ಮೂಲೆ, ಹಿಂಬಾಗಿಲ ಮೇಲಿನ ಎರಡು ಮೂಲೆ, ನೀರು ನಿಲ್ಲುವುದು ಅಲ್ಲಿ. ಸಣ್ಣ ಸ್ಕ್ರೂಡ್ರೈವರ್ ತಗೊಂಡು ಹೆಬ್ಬೆರಳ ಬಲದಲ್ಲಿ ಒತ್ತುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಹಪ್ಪಳ ಮುರಿದ ಹಾಗೆ ಕರಕ್ ಅಂದು ಒಳಗೆ ಹೋಗುತ್ತದೆ.

ಇನ್ನೊಂದು ಪರೀಕ್ಷೆ ಮಗಳಿಗೆ ಇಷ್ಟವಾಗಬಹುದು. ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಗಟರ್‌ನುದ್ದಕ್ಕೂ, ಕಂಬಗಳ ಮೇಲೂ ಓಡಿಸಲು ಹೇಳಿ. ಎಲ್ಲ ಕಡೆ ಕಚ್ಚಿಕೊಂಡು ಒಂದು ಕಡೆ ಜಾರಿತೋ, ಅಲ್ಲಿ ಪೇಂಟಿನ ಕೆಳಗೆ ಕಬ್ಬಿಣವಿಲ್ಲ, ಪುಟ್ಟಿ ಇದೆ. ಯಾವುದೋ ಕಾಲದಲ್ಲಿ ಗಾಡಿ ಗುದ್ದಿಸಿಕೊಂಡಿದೆ, ಟಿಂಕರಿಂಗ್‌ನವನು ತಗಡು ಬಡಿದು ಪುಟ್ಟಿ ಮೆತ್ತಿದ್ದಾನೆ. ಅಪ್ಪ ನಿಮಗೆ ಹೇಳಿರಲಿಕ್ಕಿಲ್ಲ! ಒಳಗೂ ನೋಡಿ. ಟಾಪಿನ ಲೈನಿಂಗ್ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ ಇದ್ದರೆ ಅದು ಮಳೆನೀರು ಇಳಿದ ಗುರುತು.

ಮೇಲ್ಮೈ ತುಕ್ಕಾದರೆ ಉಜ್ಜಿ, ಪ್ರೈಮರ್ ಹೊಡೆದು, ಪೇಂಟು ಮಾಡಿ, ಒಂದು ವಾರ ಒಣಗಲು ಬಿಟ್ಟು ಮುಂದುವರಿಯಿರಿ. ತೂತಾಗಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವ ಒಳ್ಳೆಯ ಟಿಂಕರ್ ಬೇಕು. ಪುಟ್ಟಿ ತುಂಬಿ ನುಣ್ಣಗೆ ಮಾಡಿ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಎರಡು ಮೂರು ಕಡೆ ಹಪ್ಪಳವಾಗಿದ್ದರೆ ಆಸೆ ಬಿಡಿ. ನೆಲದ ಟೆಂಟು ತಗೊಂಡು ಅದೇ ಬೊಲೆರೊ ಪಕ್ಕದಲ್ಲಿ ಹಾಕಿ ಮಲಗಿ. ಅದರಲ್ಲಿ ಅವಮಾನವೇನಿಲ್ಲ, ಬೆನ್ನಿಗೂ ತಣ್ಣಗಿರುತ್ತದೆ.

ಗಟರ್ ಪಾಸಾಯಿತು ಅಂದುಕೊಳ್ಳೋಣ. ಅಡ್ಡಪಟ್ಟಿಗಳನ್ನು ಕೂರಿಸಿ, ಅವುಗಳ ಮೇಲೆ ದಾರ ಎಳೆದು, ರಸಮಟ್ಟ ಇಟ್ಟು ನೋಡಿ. ಮೂರೂ ಒಂದೇ ಮಟ್ಟದಲ್ಲಿರಬೇಕು. ನಡುವಿನದು ಅರ್ಧ ಬೆರಳು ಎದ್ದಿದ್ದರೂ ಟೆಂಟಿನ ತಳ ಅದರ ಮೇಲೆ ತಕ್ಕಡಿಯಂತೆ ತೂಗುತ್ತದೆ. ಗಟರ್ ಮತ್ತು ಕಾಲಿನ ನಡುವೆ ರಬ್ಬರ್ ಪಟ್ಟಿ ಇರಲಿ, ಪೇಂಟು ಹೋದರೆ ತುಕ್ಕಿಗೆ ನೀವೇ ಎಲೆ ಹಾಕಿ ಕರೆದಂತೆ. ಟೆಂಟನ್ನು ಎತ್ತಲು ನಾಲ್ಕು ಜನ ಬೇಕು. ಇಬ್ಬರು ಎತ್ತಿಬಿಡುತ್ತೇವೆ ಎಂದು ಹೊರಟವರು ಹಿಂದಿನ ಗಾಜು ಒಡೆದದ್ದನ್ನು ನೋಡಿದ್ದೇನೆ. ಟೆಂಟಿನ ತೂಕ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರುವಂತೆ ಸರಿಸಿ. ಸ್ಟೆಪ್ನಿ ಹೊತ್ತ ಹಿಂಬಾಗಿಲು ಪಕ್ಕಕ್ಕೆ ತೆರೆಯುವ ಗಾಡಿ ನಿಮ್ಮದು, ಏಣಿ ಅದಕ್ಕೆ ಅಡ್ಡ ಬರದಂತೆ ಎಡಬದಿಗೆ ಬಿಚ್ಚಿಕೊಳ್ಳಲಿ. ಬಲಬದಿಗೆ ಇಳಿದರೆ ರಸ್ತೆಗೆ ಇಳಿದಂತೆ.

ಈ ಟೆಂಟುಗಳ ತಳದಲ್ಲಿ ಉದ್ದಕ್ಕೆ ಅಲ್ಯೂಮಿನಿಯಂ ಚಾನೆಲ್ ಇರುತ್ತದೆ. ಅದರೊಳಗೆ ಬೋಲ್ಟಿನ ತಲೆ ಜಾರಿಸಿ, ಕೆಳಗೆ ಅಡ್ಡಪಟ್ಟಿಯನ್ನು ತಬ್ಬುವ ತಟ್ಟೆ ಕೊಟ್ಟು, ನೈಲಾಕ್ ನಟ್, ಅಂದರೆ ಒಳಗೆ ನೈಲಾನ್ ಬಳೆ ಇರುವ ನಟ್, ಬಿಗಿಯುವುದು. ಹೆಚ್ಚಾಗಿ 8 ಎಂ.ಎಂ. ಬೋಲ್ಟು, 13ರ ಪಾನಾ. ಇಲ್ಲಿ ನಮ್ಮ ಮೇಸ್ತ್ರಿಗಳ ಕೈಬಲವೇ ಶತ್ರು. ಲಾರಿ ವೀಲ್ ನಟ್ ಬಿಗಿದು ಅಭ್ಯಾಸವಾದ ಕೈ ಪಾನಾಗೆ ಪೈಪು ಸಿಕ್ಕಿಸಿ ಜಗ್ಗಿದರೆ ಅಲ್ಯೂಮಿನಿಯಂ ಚಾನೆಲ್‌ನ ತುಟಿ ಬಾಯ್ಬಿಡುತ್ತದೆ. ಹೊರಗಿಂದ ಬಿಗಿಯಾಗಿಯೇ ಕಾಣುತ್ತದೆ, ಒಳಗೆ ಹಿಡಿತವಿರುವುದಿಲ್ಲ. ಟೆಂಟಿನ ಪುಸ್ತಕದಲ್ಲಿ ಬರೆದಷ್ಟು ಟಾರ್ಕ್, ಅಂದರೆ ತಿರುಚುವ ಬಲ, ಮಾತ್ರ ಹಾಕಿ, ಅದಕ್ಕೆ ಟಾರ್ಕ್ ರೆಂಚನ್ನು ಒಂದು ದಿನದ ಮಟ್ಟಿಗೆ ಗ್ಯಾರೇಜಿನಿಂದ ಕೇಳಿ ತನ್ನಿ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕುವಾಗ ಸರಸರ ತಿರುಗಿಸಬೇಡಿ, ಬಿಸಿಯಾಗಿ ಒಂದಕ್ಕೊಂದು ಕಚ್ಚಿಕೊಂಡರೆ ಆಮೇಲೆ ಗರಗಸವೇ ಗತಿ.

ಬಿಗಿದಾದ ಮೇಲೆ ಮನೆಯವರ ಉಗುರು ಬಣ್ಣದ ಬಾಟಲಿ ಕೇಳಿ ತಗೊಳ್ಳಿ. ಕಡುಕೆಂಪು ಒಳ್ಳೆಯದು. ಪ್ರತಿ ನಟ್ಟಿನಿಂದ ತಟ್ಟೆಯವರೆಗೆ ಒಂದೇ ನೇರ ಗೆರೆ ಎಳೆಯಿರಿ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಒಡೆದು ಎರಡಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಪಾನಾ ಹಿಡಿದು ಹನ್ನೆರಡು ನಟ್ಟು ಮುಟ್ಟುವ ಬದಲು ಒಂದು ಸುತ್ತು ನಡೆದು ಗೆರೆ ನೋಡಿದರಾಯಿತು. ಮೊದಲ ಸಲ ಮಾತ್ರ 50 ಕಿ.ಮೀ. ಓಡಿಸಿ ನಿಲ್ಲಿಸಿ ಪಾನಾದಿಂದಲೇ ನೋಡಿ, ರಬ್ಬರು ಕೂತು ಬಿಗಿ ಸ್ವಲ್ಪ ಬಿಟ್ಟಿರುತ್ತದೆ. ಕೊನೆಗೆ ಟೆಂಟನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಅಲ್ಲಾಡಬೇಕು, ಟೆಂಟು ಗಾಡಿಗಿಂತ ಬೇರೆಯಾಗಿ ಅಲ್ಲಾಡಬಾರದು.

ಟಯರ್ ಬಗ್ಗೆಯೂ ಒಂದು ಮಾತು, ಹಳೇ ಗಾಡಿಯಲ್ಲಿ ಇದು ತಪ್ಪುತ್ತದೆ. ಕಡಿಮೆ ಓಡುವ ಗಾಡಿಯ ಟಯರ್ ಗುಂಡಿ ಸವೆದಿರುವುದಿಲ್ಲ, ಹೊಸದರ ಹಾಗೆ ಕಾಣುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿಯ ಅಚ್ಚು ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ ಇಪ್ಪತ್ತಮೂರನೇ ವಾರದ ಟಯರು, ಮಲೆನಾಡಿಗೆ ಅದನ್ನು ನಂಬಿ ಹೊರಡಬೇಡಿ. ಶಾಕ್ಸ್ ಎಣ್ಣೆ ಕಾರಿದ್ದರೆ, ಪಟ್ಟಾದ ಬುಷ್ ಸವೆದಿದ್ದರೆ ಟೆಂಟಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ. ಟೆಂಟು ಸೇರಿ ಗಾಡಿಯ ಎತ್ತರವನ್ನು ಟೇಪಿನಲ್ಲಿ ಅಳೆದು ಸ್ಟೇರಿಂಗ್ ಮುಂದೆ ಚೀಟಿ ಅಂಟಿಸಿ, ರೈಲ್ವೆ ಕೆಳಸೇತುವೆಯ ಕಮಾನಿನ ಮುಂದೆ ನೆನಪು ಕೈಕೊಡುತ್ತದೆ.

ಇನ್ನು ಬಿಚ್ಚಿದ ಟೆಂಟು ಮತ್ತು ನಮ್ಮ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಫ್ಯಾನುಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಪಡುವಣದಿಂದ ಹೊರಟರೆ ಇಲ್ಲಿ ಅಡ್ಡ ಬರುವ ಕಾಡು ಕಡಿಮೆ. ಬಿಚ್ಚಿದ ಟೆಂಟಿನ ಪಕ್ಕ ಏಳಡಿ ಉದ್ದ, ನಾಲ್ಕಡಿ ಎತ್ತರ. ಗಂಟೆಗೆ 40 ಕಿ.ಮೀ. ಗಾಳಿಗೆ ಅದರ ಮೇಲೆ ಇಪ್ಪತ್ತು ಕೆ.ಜಿ. ಒತ್ತಡ, 60ಕ್ಕೆ ನಲವತ್ತೈದು. ಗಾಡಿ ಮಗುಚುವುದಿಲ್ಲ, ಆದರೆ ಟೆಂಟಿನ ಕಮಾನು ಬಗ್ಗುತ್ತದೆ, ಕ್ಯಾನ್ವಾಸು ಹೊಲಿಗೆಯಲ್ಲಿ ಬಿಡುತ್ತದೆ, ನಿಮಗಂತೂ ನಿದ್ದೆ ಇಲ್ಲ. ಗಾಡಿಯ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿ. ಅದಾಗದಿದ್ದರೆ ಏಣಿಯ ಬದಿ, ಅಂದರೆ ಗಾಡಿಯಿಂದ ಹೊರಚಾಚಿದ ಅರ್ಧ, ಗಾಳಿಯ ಮರೆಗೆ ಬರಲಿ. ಗುಡ್ಡದ ನೆತ್ತಿಯ ನೋಟ ಚೆನ್ನಾಗಿರುತ್ತದೆ, ನಿಜ. ಮಲಗಲು ಮಾತ್ರ ಗುಡ್ಡದ ಬುಡವೇ ಸರಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಯಲಿನಲ್ಲಿ ನಾನು ಟೆಂಟು ಬಿಚ್ಚುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ನಮ್ಮ ಸೀಮೆಗೆ ಒಳ್ಳೆಯ ಕಾಲ.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಬೇರೆ ಕಥೆ. ಬಯಲಲ್ಲಿ ನಿಂತ ಗಾಡಿಯ ನೆತ್ತಿಯ ಮೇಲೆ ಬಟ್ಟೆಯ ಗೂಡಲ್ಲಿ ಕೂತಿರುವುದು ಸಿಡಿಲಿಗೆ ಆಹ್ವಾನ. ಗುಡುಗು ಕೇಳಿದ ಕೂಡಲೇ ಮೂವರೂ ಇಳಿದು ಗಾಡಿಯೊಳಗೆ ಕೂತು ಗಾಜು ಏರಿಸಿ. ಸುತ್ತಲೂ ಕಬ್ಬಿಣದ ಮೈಯಿರುವ ಗಾಡಿ ಸಿಡಿಲನ್ನು ಹೊರಮೈಯಿಂದಲೇ ನೆಲಕ್ಕಿಳಿಸುತ್ತದೆ.

ಮಾರಿಕಣಿವೆಯ ಹೆಸರು ಹೇಳಿದ್ದೀರಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಾತ್ರೆಯಂತೆ ಜನ ಸೇರಿದ್ದ ಜಾಗ. ಹಿನ್ನೀರಿನ ಅಂಚಿನ ಮಣ್ಣು ಒಣಗಿದಂತೆ ಕಂಡರೂ ಕೆಳಗೆ ಹಸಿ ಇರುತ್ತದೆ, ರಾತ್ರಿ ಒಂದು ಬದಿಯ ಚಕ್ರ ಇಳಿದರೆ ಮೂವರೂ ಒಂದೇ ಮೂಲೆಗೆ ಉರುಳುತ್ತೀರಿ. ನೀರಿನಿಂದ ದೂರ, ಗಟ್ಟಿ ನೆಲದಲ್ಲಿ, ಜಮೀನು ಯಾರದೆಂದು ಕೇಳಿ ಅವರ ಒಪ್ಪಿಗೆ ಪಡೆದು ನಿಲ್ಲಿಸಿ. ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಜೋಗಿಮಟ್ಟಿ ಕಡೆ ಆಸೆ ಬಂದರೆ ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಕರಡಿ, ಚಿರತೆ ಎರಡೂ ಇರುವ ಗುಡ್ಡ. ಎಲ್ಲೇ ಮಲಗಿದರೂ ಬುತ್ತಿ, ಬೆಲ್ಲ, ಹಣ್ಣು ಟೆಂಟಿನೊಳಗೆ ಬೇಡ, ಗಾಡಿಯೊಳಗೆ ಡಬ್ಬಿಯಲ್ಲಿರಲಿ.

ಟೆಂಟಿನೊಳಗೆ ಬೆಂಕಿ ಬೇಡವೇ ಬೇಡ. ಸ್ಟವ್ ಯಾರೂ ಒಯ್ಯುವುದಿಲ್ಲ, ಗೊತ್ತು. ಚಳಿಗೆಂದು ಕೆಂಡದ ಬಾಂಡ್ಲಿ ಒಯ್ದವರನ್ನು ಕೇಳಿದ್ದೇನೆ, ಮುಚ್ಚಿದ ಗೂಡಿನಲ್ಲಿ ಅದರ ವಿಷಗಾಳಿಗೆ ವಾಸನೆಯೂ ಇಲ್ಲ, ಎಚ್ಚರವೂ ಆಗುವುದಿಲ್ಲ. ಸೊಳ್ಳೆಬತ್ತಿಯೂ ಅಷ್ಟೇ, ಮಗು ಹೊರಳಿದಾಗ ಹೊದಿಕೆ ತಾಗಿದರೆ ಮುಗಿಯಿತು. ಸೊಳ್ಳೆಗೆ ಟೆಂಟಿನ ಬಲೆ ಸಾಕು.

ಮನೆಗೆ ಬಂದ ದಿನವೇ ಟೆಂಟು ಬಿಚ್ಚಿ ಒಣಗಿಸಿ, ಒದ್ದೆ ಕ್ಯಾನ್ವಾಸು ಮಡಚಿಟ್ಟರೆ ಬೂಷ್ಟು ಹಿಡಿದು ಅದರ ವಾಸನೆ ಜನ್ಮಕ್ಕೂ ಹೋಗುವುದಿಲ್ಲ. ಪ್ರವಾಸ ಇಲ್ಲದ ತಿಂಗಳು ಗಾಡಿ ಮೇಲಿಂದ ಇಳಿಸಿ. ನಿಮ್ಮ ಶೆಡ್ಡಿನಲ್ಲಿ ಗಟ್ಟಿ ತೊಲೆ ಇದ್ದರೆ ನಾಲ್ಕು ರಾಟೆ ಕಟ್ಟಿ, ಹಗ್ಗದಲ್ಲಿ ಮೇಲೆತ್ತಿ ನೇತುಹಾಕಿ, ಗಾಡಿಯನ್ನು ಕೆಳಗಿನಿಂದ ಸರಿಸಿಕೊಂಡರಾಯಿತು. ನನ್ನ ಶೆಡ್ಡಿನಲ್ಲಿ ಹಾಗೆಯೇ ಇದೆ, ನಾಲ್ಕು ಜನರ ಕೆಲಸ ಇಬ್ಬರಿಗೆ ಇಳಿದಿದೆ.

ಮಾರಿಕಣಿವೆಗೆ ಹೋಗುವ ಮೊದಲು ಒಂದು ರಾತ್ರಿ ನಿಮ್ಮ ಮನೆಯ ಅಂಗಳದಲ್ಲೇ ಮೂವರೂ ಟೆಂಟಿನಲ್ಲಿ ಮಲಗಿ. ಅಕ್ಕಪಕ್ಕದವರು ನಗುತ್ತಾರೆ, ನಗಲಿ. ಏಣಿಯ ಕಾಲು ಮಣ್ಣಲ್ಲಿ ಇಳಿಯುತ್ತದೆಯೋ, ಅದರ ಕೆಳಗೆ ಹಲಗೆ ಬೇಕೋ, ಬ್ಯಾಟರಿ ಎಲ್ಲಿ ನೇತುಹಾಕಿದರೆ ಕೈಗೆ ಸಿಗುತ್ತದೆ, ಚಪ್ಪಲಿ ಎಲ್ಲಿಡಬೇಕು, ಎಲ್ಲ ಅವತ್ತೇ ತಿಳಿಯುತ್ತದೆ. ನಿಮ್ಮ ಏಣಿ ಆರೂವರೆ ಅಡಿಗಿಂತ ಕಡಿಮೆ ಇರಲಾರದು, ಮಗಳಿಗೆ ಏಳು ವರ್ಷ. ಅಂಚಿನ ಕಡೆ ನೀವು ಮಲಗಿ, ಅವಳು ನಡುವೆ ಇರಲಿ. ರಾತ್ರಿ ಎರಡು ಗಂಟೆಗೆ ಅಪ್ಪಾ ಸೂಸು ಅಂದಾಗ ನೀವು ಮೊದಲು ಇಳಿದು, ಏಣಿ ಹಿಡಿದು, ಅವಳು ಮುಖ ಏಣಿಯ ಕಡೆ ಮಾಡಿ ಹಿಮ್ಮುಖವಾಗಿ ಇಳಿಯಬೇಕು. ಅದನ್ನು ಹಗಲಲ್ಲೇ ಒಂದೈದು ಸಲ ಮಾಡಿಸಿಡಿ.